ಮಧ್ಯಾಹ್ನದ ಮೇಲೆ ಸೋಲುವ ಲೋಡರ್

ಆ ಭಾನುವಾರ ಅಕ್ಕ ಫೋನ್ ಮಾಡಿದ್ದು ಟ್ರ್ಯಾಕ್ಟರ್ ರಿಪೇರಿಗಲ್ಲ, ಗಂಡನ ರಿಪೇರಿಗೆ.

"ಊಟ ಮುಗಿಸ್ಕೊಂಡು ಬಾ," ಅಂದಳು. "ಸಾಮಾನು ಗೀಮಾನು ಏನೂ ತರಬೇಡ. ನಿಮ್ಮ ಭಾವನಿಗೆ ಒಂದು ಮಾತು ಹೇಳಿ ಹೋಗು, ಸಾಕು. ನಾಳೆಯಿಂದ ಅವರು ಟ್ರ್ಯಾಕ್ಟರ್ ಹತ್ತೋದು ಬೇಡ. ನಾನು ಹೇಳಿದ್ರೆ ಹೆಂಡ್ತಿ ಗೊಣಗ್ತಾಳೆ ಅಂತಾರೆ. ನೀನು ಮೆಕ್ಯಾನಿಕ್ಕು. ನೀನು ಹೇಳಿದ್ರೆ ಕೇಳ್ತಾರೆ."

ಆರು ದಿನ ಇಂಜಿನ್ನುಗಳ ಕೆಳಗೆ ಮಲಗಿದವನಿಗೆ ಏಳನೇ ದಿನ ಹಾಸಿಗೆಯ ಮೇಲೆ ಮಲಗಬೇಕು ಅನ್ನಿಸಿದರೆ ಅದೇನು ದೊಡ್ಡ ದುರಾಸೆಯಲ್ಲ. ಐವತ್ತನಾಲ್ಕಕ್ಕೇ ನನ್ನ ಮಂಡಿಗಳು ನನ್ನ ಮಾತು ಕೇಳುವುದನ್ನು ಬಿಟ್ಟಿವೆ. ಆದರೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಅವಳಿಗೆ ಆಗಲ್ಲ ಅನ್ನುವುದು ನನ್ನಿಂದ ಇದುವರೆಗೆ ಆಗಿಲ್ಲ. ಊಟ ಮಾಡಿ, ಆಕಳಿಸುತ್ತಲೇ ವ್ಯಾನು ಹತ್ತಿದೆ.

ಅಕ್ಕ ಭಾವ ನಲವತ್ತು ಹಸು ಸಾಕಿದ್ದಾರೆ. ದೊಡ್ಡ ಕೊಟ್ಟಿಗೆ, ಅದರ ಮುಂದೆ ಸಿಮೆಂಟಿನ ಅಂಗಳ, ಒಂದು ಪಕ್ಕ ಒಣಹುಲ್ಲಿನ ಅಟ್ಟ, ಇನ್ನೊಂದು ಪಕ್ಕ ಸಗಣಿಯ ಗುಂಡಿ. ಇವೆಲ್ಲದರ ನಡುವೆ ಓಡಾಡುವುದು ಒಂದು ಹಳೆಯ ಟ್ರ್ಯಾಕ್ಟರ್. ಅದರ ಮುಂದುಗಡೆ ಲೋಡರ್ ಇದೆ. ಎರಡು ಕಬ್ಬಿಣದ ತೋಳು, ತುದಿಯಲ್ಲಿ ಮಂಚದಷ್ಟು ಅಗಲದ ಬಕೆಟ್ಟು. ಒಂದು ಪಂಪು ಎಣ್ಣೆಯನ್ನು ಒತ್ತಡದಲ್ಲಿ ನೂಕುತ್ತದೆ, ಎಣ್ಣೆ ತೋಳುಗಳನ್ನು ಎತ್ತುತ್ತದೆ. ಡ್ರೈವರು ಬೆರಳಲ್ಲಿ ಲಿವರ್ ತಳ್ಳಿದರೆ ಆಯಿತು. ಸಗಣಿ ಬಾಚುವುದು, ಸುತ್ತಿ ಕಟ್ಟಿದ ಹುಲ್ಲಿನ ಉರುಳೆ ಅಟ್ಟಕ್ಕೇರಿಸುವುದು, ಎಲ್ಲ ಅದೇ. ಮೂವತ್ತು ವರ್ಷದಿಂದ ಅದರ ಸೀಟಿನ ಮೇಲೆ ಭಾವ ಬಿಟ್ಟರೆ ಬೇರೆಯವರು ಕೂತಿದ್ದನ್ನು ನಾನು ನೋಡಿಲ್ಲ. ಮನೆಯ ಕುರ್ಚಿಯಲ್ಲಿ ಕೂತರೆ ಅವರಿಗೆ ಕಾಲು ಎಲ್ಲಿಡಬೇಕು ಅಂತಲೇ ತಿಳಿಯುವುದಿಲ್ಲ.

ಎಂಟು ತಿಂಗಳ ಹಿಂದೆ ಭಾವ ಮೊದಲ ಸಲ ದೂರು ಹೇಳಿದ್ದರು. "ಲೋಡರ್ ಯಾಕೋ ನಿಧಾನ ಕಣೋ. ಬೆಳಿಗ್ಗೆ ಸರಿ ಇರುತ್ತೆ. ಮಧ್ಯಾಹ್ನದ ಮೇಲೆ ಸೋಲುತ್ತೆ."

"ಮಧ್ಯಾಹ್ನ ಉಂಡ ಮೇಲೆ ಎಲ್ಲರೂ ಸೋಲ್ತಾರೆ ಭಾವ," ಅಂದಿದ್ದೆ ನಾನು.

ಆದರೂ ಹೋಗಿ ನೋಡಿದೆ. ನನ್ನ ಶೆಡ್ಡಿಗೆ ಹೋಗುವ ದಾರಿಯಲ್ಲೇ ಅವರ ಮನೆ, ಹಾಗಾಗಿ ಬೆಳಿಗ್ಗೆ ಏಳಕ್ಕೆ ಅಲ್ಲಿ ಇಳಿದು ನೋಡಿಕೊಂಡು ಮುಂದೆ ಹೋಗುವುದು ನನ್ನ ರೂಢಿ. ಬಕೆಟ್ಟು ಹೂವಿನ ಹಾಗೆ ಎದ್ದಿತು. ಎಣ್ಣೆ ನೋಡಿದೆ, ಫಿಲ್ಟರ್ ಹೊಸದು ಹಾಕಿದೆ. ಎರಡು ತಿಂಗಳು ಬಿಟ್ಟು ಮತ್ತೆ ಕರೆದರು. ಮತ್ತೆ ಬೆಳಿಗ್ಗೆ ಏಳಕ್ಕೆ ಹೋದೆ, ಮತ್ತೆ ಹೂವಿನ ಹಾಗೆ ಎದ್ದಿತು. ಮೂರನೇ ಸಲ ಕರೆದಾಗ ನನಗೆ ರೇಗಿತ್ತು. ಅಕ್ಕನ ಎದುರಿಗೇ, "ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಳಂತೆ. ಗಾಡೀಲಿ ಏನೂ ಇಲ್ಲ ಭಾವ, ವಯಸ್ಸಾಗಿರೋದು ಡ್ರೈವರ್‌ಗೆ," ಅಂದುಬಿಟ್ಟೆ. ನಗಿಸೋಕೆ ಅಂದ ಮಾತು. ಭಾವ ನಕ್ಕರು ಕೂಡ. ಆಮೇಲೆ ಅವರು ನನ್ನನ್ನು ಕರೆಯಲಿಲ್ಲ.

ಇಷ್ಟು ತಲೆಯಲ್ಲಿ ಇಟ್ಟುಕೊಂಡೇ ಅವತ್ತು ಮಧ್ಯಾಹ್ನ ಮೂರಕ್ಕೆ ಅವರ ಗೇಟಿನ ಹತ್ತಿರ ವ್ಯಾನು ನಿಲ್ಲಿಸಿದೆ. ಅಕ್ಕ ಗೇಟಿಗೇ ಬಂದು ದನಿ ತಗ್ಗಿಸಿ ವರದಿ ಒಪ್ಪಿಸಿದಳು. ಮೊನ್ನೆ ಹುಲ್ಲಿನ ಉರುಳೆ ಎತ್ತಿಕೊಂಡು ಬರುವಾಗ ಬಕೆಟ್ಟು ಸಾಕಷ್ಟು ಮೇಲೆದ್ದಿರಲಿಲ್ಲ, ನೀರಿನ ತೊಟ್ಟಿಯ ಗೋಡೆಗೆ ಬಡಿದು ಅರ್ಧ ಗೋಡೆ ಹೋಯಿತು. ಒಂದು ಹಸು ಕೂದಲೆಳೆಯಷ್ಟರಲ್ಲಿ ಬಚಾವಾಯಿತು. ಕಳೆದ ತಿಂಗಳು ಕೈಯಿಂದ ಎರಡು ಲೋಟ ಬಿದ್ದವು. ಒಂದು ದಿನ ಗೇಟು ಹಾಕುವುದು ಮರೆತರು. ಡಾಕ್ಟರಿಗೆ ತೋರಿಸಿದ್ದಾಯಿತು, ಕೈಯ ನರ ಸ್ವಲ್ಪ ಸೋತಿರಬಹುದು ಅಂದರಂತೆ, ಹಿಸುಕೋಕೆ ರಬ್ಬರ್ ಚೆಂಡು ಕೊಟ್ಟರಂತೆ.

"ದಿನಕ್ಕೆ ಇನ್ನೂರು ಸಲ ಹಿಸುಕಬೇಕು. ನಾನೇ ಎಣಿಸ್ತೀನಿ," ಅಂದಳು. "ಆದ್ರೂ ದಿನದಿನಕ್ಕೆ ಸೋಲ್ತಾ ಇದ್ದಾರೆ ಕಣೋ. ನನಗೆ ಭಯ. ಹಾಲಿನ ಟ್ಯಾಂಕರ್ ಓಡಿಸ್ತಿದ್ದ ಡ್ರೈವರ್ ಒಬ್ಬನಿಗೆ ಹೇಳಿದ್ದೀನಿ, ನಾಳೆ ಬೆಳಿಗ್ಗೆ ಬರ್ತಾನೆ. ಅಷ್ಟರೊಳಗೆ ನೀನು ಇವರನ್ನ ಒಪ್ಪಿಸು."

ಹೇಗೆ ಶುರು ಮಾಡುವುದು ಅಂತ ಯೋಚಿಸುತ್ತಾ ಅಂಗಳಕ್ಕೆ ಬಂದೆ. ಭಾವ ಬೆಳಗಿನಿಂದ ಸಗಣಿ ಬಾಚುತ್ತಿದ್ದರು. ಗುಂಡಿಯ ಅಂಚಿಗೆ ಹೋಗಿ ನಿಲ್ಲಿಸಿ, ಬಕೆಟ್ಟು ಎತ್ತೋಕೆ ಲಿವರ್ ಹಿಡಿದರು. ಎರಡೂ ಕೈಯಿಂದ ಹಿಡಿದಿದ್ದರು. ಮೈಯ ಭಾರವನ್ನೆಲ್ಲ ಅದರ ಮೇಲೆ ಹಾಕಿ, ಹಲ್ಲು ಕಚ್ಚಿ ತಳ್ಳುತ್ತಿದ್ದರು. ತೋಳುಗಳು ಗೊಣಗಿಕೊಂಡು ಮೊಳದಷ್ಟು ಎದ್ದವು, ನಿಂತವು, ಮತ್ತೆ ಗೇಣಷ್ಟು ಎದ್ದವು.

ನಾನು ಇದ್ದಲ್ಲೇ ನಿಂತುಬಿಟ್ಟೆ. ಆ ಲಿವರಿಗೆ ಬಲ ಬೇಕಾಗಿಲ್ಲ. ಅದೊಂದು ಬಾಗಿಲು ಇದ್ದ ಹಾಗೆ, ಎಣ್ಣೆಗೆ ದಾರಿ ಬಿಡುತ್ತದೆ ಅಷ್ಟೆ. ಮಗು ತಳ್ಳಿದರೂ ಒಂದೇ, ಪೈಲ್ವಾನ ತಳ್ಳಿದರೂ ಒಂದೇ. ಇದು ಭಾವನಿಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದ ಮನುಷ್ಯ ಎರಡು ಕೈಯಲ್ಲಿ ತಳ್ಳುತ್ತಿದ್ದಾರೆ ಅಂದರೆ ತಮ್ಮ ಕೈ ಮೇಲಿನ ನಂಬಿಕೆ ಎಷ್ಟು ಹೋಗಿರಬೇಕು.

"ಬನ್ನಿ ಡಾಕ್ಟ್ರೇ," ಅಂದರು ಭಾವ, ನನ್ನನ್ನು ನೋಡಿ ಒಂದು ಕೈ ಬೇಗ ಹಿಂದಕ್ಕೆ ತೆಗೆದುಕೊಳ್ಳುತ್ತಾ. "ಇವತ್ತು ಕೈಗೆ ಬಲಾನೇ ಇಲ್ಲ ಕಣೋ."

"ಸ್ವಲ್ಪ ಇಳೀರಿ ಭಾವ."

ನಾನು ಹತ್ತಿ ಕೂತು ಒಂದೇ ಬೆರಳಲ್ಲಿ ಲಿವರ್ ತಳ್ಳಿದೆ. ಬಕೆಟ್ಟು ಅದೇ ಆಮೆಯ ಗತಿಯಲ್ಲಿ ಎದ್ದಿತು. ಅರ್ಧಕ್ಕೆ ನಿಂತಿತು. ನಿಜವಾಗಿಯೂ ನೆಲವೇ ಡೊಂಕಾಗಿತ್ತು.

ಬೈಯೋಕೆ ಬಂದವನು ಪ್ರೆಶರ್ ಗೇಜು ತಂದಿರುತ್ತಾನೆಯೇ? ವ್ಯಾನಿನಲ್ಲಿ ಎರಡು ಸ್ಪ್ಯಾನರು, ಒಂದು ಸ್ಕ್ರೂಡ್ರೈವರು, ಒಂದು ಚಾಕು ಇದ್ದವು. ಅಷ್ಟರಲ್ಲೇ ಶುರು ಮಾಡಿದೆ. ಎಣ್ಣೆ ಸರಿಯಾಗಿ ಗುರುತಿನ ತನಕ ಇತ್ತು, ನೊರೆ ಇರಲಿಲ್ಲ. ಬಕೆಟ್ಟನ್ನು ಎದ್ದಷ್ಟಕ್ಕೇ ನಿಲ್ಲಿಸಿ ಇಂಜಿನ್ ಆರಿಸಿದೆ. ತೋಳನ್ನು ಎತ್ತುವ ಸಿಲಿಂಡರಿನ ಸೀಲು ಹೋಗಿದ್ದರೆ ಬಕೆಟ್ಟು ಮೆಲ್ಲಗೆ ಕೆಳಗೆ ಜಾರಬೇಕು. ಹತ್ತು ನಿಮಿಷ ಕಾದೆ, ಕೂದಲಷ್ಟೂ ಜಾರಲಿಲ್ಲ. ಅಂದರೆ ಎತ್ತಿದ್ದನ್ನು ಹಿಡಿದಿಡುವ ಶಕ್ತಿ ಇದೆ, ಎತ್ತುವುದಕ್ಕೆ ಎಣ್ಣೆ ಸಾಲುತ್ತಿಲ್ಲ. ಬಕೆಟ್ಟನ್ನು ನೆಲಕ್ಕೆ ಇಳಿಸಿ, ಒತ್ತಡ ಮಿತಿಮೀರದಂತೆ ಕಾಯುವ ವಾಲ್ವು ಬಿಚ್ಚಿದೆ. ಸ್ಪ್ರಿಂಗು ಗಟ್ಟಿಯಾಗಿತ್ತು, ಕಸ ಸಿಕ್ಕಿರಲಿಲ್ಲ. ಒರೆಸಿ ಮತ್ತೆ ಹಾಕಿದೆ. ಬೆನ್ನು ನೆಟ್ಟಗೆ ಮಾಡೋಕೆ ಟೈರು ಹಿಡಿದು ನಿಂತಾಗ, ಮನೆಗೆ ಹೋಗಿ ಮಲಗಿದರೂ ಈ ರಗಳೆ ನಾಳೆ ಇಲ್ಲೇ ಇರುತ್ತಲ್ಲ, ಆಗ ನೋಡಿದರಾಯಿತು ಅನ್ನಿಸಿತು. ಸುಳ್ಳು ಯಾಕೆ ಹೇಳಲಿ.

"ಅಕ್ಕಾ, ನೀನು ಹತ್ತಿ ಆಕ್ಸಿಲರೇಟರ್ ಕೊಡು," ಅಂದೆ.

"ನಾನಾ? ನಿನ್ನ ಕರೆಸಿದ್ದು ಯಾಕೆ, ನೀನು ಮಾಡ್ತಿರೋದು ಏನು?"

"ಹತ್ತೇ ಸುಮ್ನೆ."

ಅವಳು ಸೀರೆ ಎತ್ತಿ ಕಟ್ಟಿಕೊಂಡು ಹತ್ತಿದಳು. ನಾನು ಪಂಪಿನ ಪಕ್ಕ ಕಿವಿಯಿಟ್ಟೆ. ಇಂಜಿನ್ ವೇಗ ಹೆಚ್ಚಿದ ಹಾಗೆ ಲೋಡರೂ ವೇಗವಾಗಿ ಏಳಬೇಕು. ಇಲ್ಲಿ ಉಲ್ಟಾ. ವೇಗ ಕೊಟ್ಟಷ್ಟೂ ಪಂಪು ಕೀರಲು ದನಿಯಲ್ಲಿ ಅರಚುತ್ತಿತ್ತು, ತೋಳು ಇನ್ನೂ ಸೋಲುತ್ತಿತ್ತು. ಬಾಯಾರಿದವನ ಗಂಟಲು ಹಿಡಿದು ಕುಡಿ ಕುಡಿ ಅಂದ ಹಾಗೆ. ಪಂಪು ಕೆಟ್ಟಿರಲಿಲ್ಲ, ಅದಕ್ಕೆ ಟ್ಯಾಂಕಿನಿಂದ ಎಣ್ಣೆ ಬರುತ್ತಿರಲಿಲ್ಲ. ಟ್ಯಾಂಕಿಗೂ ಪಂಪಿಗೂ ನಡುವೆ ಇರುವುದು ಒಂದೇ ಒಂದು ವಸ್ತು, ಮೊಳದುದ್ದದ ರಬ್ಬರ್ ಪೈಪು.

ಆ ಪೈಪಿನ ಎರಡೂ ತುದಿಗೆ ಎರಡೆರಡು ಕ್ಲಿಪ್ಪು, ಅವುಗಳ ತಿರುಪು ಎದುರುಬದುರು ಮುಖ ಮಾಡಿಕೊಂಡು. ಈ ಸುತ್ತಮುತ್ತ ಹಾಗೆ ಕ್ಲಿಪ್ಪು ಹಾಕುವವನು ಒಬ್ಬನೇ. ಅದು ನನ್ನ ರುಜು.

ಆಗ ನೆನಪಾಯಿತು. ಕಳೆದ ವರ್ಷ ಹುಲ್ಲು ಕೊಯ್ಲಿನ ನಡುವೆ ಹಳೆಯ ಪೈಪು ಸೋರಿ, ಅಕ್ಕ ಅವಸರ ಮಾಡಿದ್ದಳು. ಎಣ್ಣೆ ಎಳೆಯುವ ಕಡೆಗೆ ಒಳಗೆ ತಂತಿ ಸುತ್ತಿದ ಪೈಪೇ ಹಾಕಬೇಕು, ಇಲ್ಲದಿದ್ದರೆ ಎಳೆತಕ್ಕೆ ಒಳಪದರ ಕಿತ್ತು ಮುಚ್ಚಿಕೊಳ್ಳುತ್ತದೆ. ಇದು ಕಸುಬಿನ ಅಆಇಈ. ಅಂಥದ್ದು ಅವತ್ತು ಶೆಡ್ಡಿನಲ್ಲಿ ಇರಲಿಲ್ಲ. ಮೊಳೆಗೆ ನೇತುಹಾಕಿದ್ದ ಬೇರೆ ಯಾವುದೋ ದಪ್ಪ ಪೈಪನ್ನು ಕತ್ತರಿಸಿ ಹಾಕಿ, "ಒಂದು ವಾರಕ್ಕೆ ಇರಲಿ, ಆಮೇಲೆ ಸರಿಯಾದ್ದು ಹಾಕ್ತೀನಿ," ಅಂದಿದ್ದೆ. ಬೇರೆಯವರ ಗಾಡಿಯಾಗಿದ್ದರೆ ಜನ್ಮದಲ್ಲಿ ಹಾಗೆ ಮಾಡುತ್ತಿರಲಿಲ್ಲ. ಅಕ್ಕನ ಮನೆಯಲ್ಲವೇ, ನಡೆಯುತ್ತೆ. ಸ್ವಂತದವರ ಕೆಲಸಕ್ಕೆ ಉಳಿದ ಸಾಮಾನು, ಉಳಿದ ಹೊತ್ತು. ಆ ಒಂದು ವಾರ ವರ್ಷವಾಗಿತ್ತು.

ಟಬ್ಬಿಗೆ ಎಣ್ಣೆ ಇಳಿಸಿ ಪೈಪು ಬಿಚ್ಚಿದೆ. ಹೊರಗಿನಿಂದ ಹೊಳೆಯುತ್ತಿತ್ತು. ಚಾಕುವಿನಿಂದ ಉದ್ದಕ್ಕೆ ಸೀಳಿದರೆ ಒಳಪದರ ಒಂದು ಕಡೆ ಪೂರ್ತಿ ಕಿತ್ತು, ಒದ್ದೆ ಬಟ್ಟೆಯ ಹಾಗೆ ದಾರಿಗೆ ಅಡ್ಡ ಬಿದ್ದಿತ್ತು. ತಣ್ಣಗಿದ್ದಾಗ ಗಟ್ಟಿಯಾಗಿ ಗೋಡೆಗೆ ಅಂಟಿಕೊಂಡಿರುತ್ತದೆ. ಎಣ್ಣೆ ಕಾದ ಮೇಲೆ ಮೆತ್ತಗಾಗಿ ಕುಸಿಯುತ್ತದೆ. ಬೆಳಿಗ್ಗೆ ಸರಿ, ಮಧ್ಯಾಹ್ನದ ಮೇಲೆ ಸೋಲು. ಭಾವ ಎಂಟು ತಿಂಗಳ ಹಿಂದೆ ಹೇಳಿದ್ದು ಇದನ್ನೇ, ಅಕ್ಷರ ಅಕ್ಷರ.

ಸರಿಯಾದ ಪೈಪು ತರೋಕೆ ಶೆಡ್ಡಿಗೆ ಹೋಗಿ ಬರಬೇಕಾಯಿತು. ಹೋಗುತ್ತಾ ಬರುತ್ತಾ ಒಂದೂವರೆ ಗಂಟೆ ನಾನು ಯೋಚಿಸಿದ್ದು ಒಂದೇ. "ಪೈಪು ಹಳೇದಾಗಿತ್ತು, ಬದಲಾಯಿಸಿದೆ" ಅಂದರೆ ಸಾಕು. ಅದರಲ್ಲಿ ಸುಳ್ಳೂ ಇಲ್ಲ. ಸೀಳಿದ ತುಂಡನ್ನು ವ್ಯಾನಿನ ಸೀಟಿನ ಕೆಳಗೆ ತುರುಕಿಯೂ ಇದ್ದೆ. ಐವತ್ತು ದಾಟಿದ ಮೇಲೆ ಭಾವನ ಮುಂದೆ ತಪ್ಪೊಪ್ಪಿಕೊಳ್ಳುವುದು ಯಾರಿಗೆ ಬೇಕು? ಇರುವ ಒಂದು ಹೆಸರು, ಒಳ್ಳೇ ಮೆಕ್ಯಾನಿಕ್ಕು ಅನ್ನೋದು, ಅದೂ ಹೋಗಲಿ ಅಂತಲೇ?

ಪೈಪು ಹಾಕಿ, ಎಣ್ಣೆ ಸುರಿದು, ಕೈ ಒರೆಸಿಕೊಳ್ಳುತ್ತಿದ್ದೆ. ಭಾವ ಚೆಂಡು ಹಿಸುಕುತ್ತಾ ಹತ್ತಿರ ಬಂದರು. ಅಕ್ಕ ಹಿಂದೆಯೇ ಇದ್ದಳು.

"ಏನಾಗಿತ್ತೋ?" ಅಂದರು. ಆಮೇಲೆ ದನಿ ಇಳಿಸಿ, "ನಾನು ಜೋರಾಗಿ ಲಿವರ್ ಒತ್ತಿ ಒತ್ತಿ ಏನಾದ್ರೂ ಹಾಳಾಯ್ತಾ?"

ಆ ಪ್ರಶ್ನೆ ಅವರು ಕೇಳದೆ ಇದ್ದಿದ್ದರೆ ನಾನು ಜಾರಿಕೊಳ್ಳುತ್ತಿದ್ದೆನೋ ಏನೋ. ವ್ಯಾನಿಗೆ ಹೋಗಿ ಸೀಳಿದ ಪೈಪನ್ನು ತಂದು ಅವರ ಕೈಗೆ ಕೊಟ್ಟೆ.

"ನೀವಲ್ಲ ಭಾವ, ಹಾಳು ಮಾಡಿದ್ದು ನಾನು. ಇಲ್ಲಿ ಹಾಕಬಾರದ ಪೈಪು ಹಾಕಿ ಮರೆತುಬಿಟ್ಟೆ. ಇದು ಬಿಸಿಯಾದ್ರೆ ಒಳಗೊಳಗೇ ಮುಚ್ಕೊಳ್ಳುತ್ತೆ. ನಾನು ಬರ್ತಿದ್ದದ್ದು ಬೆಳಿಗ್ಗೆ ಏಳಕ್ಕೆ, ಗಾಡಿ ತಣ್ಣಗಿದ್ದಾಗ. ಹಾಗಾಗಿ ನನಗೆ ಕಾಣಲಿಲ್ಲ. ಕಾಣಲಿಲ್ಲ ಅಂತ ನಿಮ್ಮ ಮೇಲೆ ಹಾಕಿದೆ."

ಭಾವ ಒಳಪದರವನ್ನು ಬೆರಳಿಂದ ಎತ್ತಿದರು, ಬಿಟ್ಟರು.

"ಅಂದ್ರೆ ಮಧ್ಯಾಹ್ನದ ಮೇಲೆ ಸೋಲ್ತಿತ್ತು."

"ಹೌದು ಭಾವ."

"ನಿಜವಾಗ್ಲೂ ಸೋಲ್ತಿತ್ತು."

"ನಿಜವಾಗ್ಲೂ."

ಅಕ್ಕ ಒಡೆದ ತೊಟ್ಟಿಯ ಅಂಚಿನ ಮೇಲೆ ಕುಸಿದು ಕೂತಳು. "ಅಯ್ಯೋ, ಇವರ ಕೈಲಿ ದಿನಾ ಚೆಂಡು ಹಿಸುಕಿಸಿದ್ನಲ್ಲೋ. ನೂರ ತೊಂಬತ್ತಕ್ಕೆ ನಿಲ್ಲಿಸಿದ್ರೆ ಇನ್ನೂ ಹತ್ತು ಬಾಕಿ ಅಂತ ಬೈದು ಹಿಸುಕಿಸಿದ್ನಲ್ಲೋ," ಅಂದಳು. ನಗು ಬರಬೇಕಾದ ಮಾತು. ನಮ್ಮ ಮೂವರಲ್ಲಿ ಯಾರಿಗೂ ಬರಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

"ಬಿಸಿಯಾದ ಮೇಲೆ ನೋಡಬೇಕು," ಅಂದೆ. "ಒಂದು ಗಂಟೆ ಕೆಲಸ ಮಾಡಿ ಭಾವ. ನಾನು ಇಲ್ಲೇ ಇರ್ತೀನಿ."

ಅವರು ಹತ್ತಿದರು. ಮೊದಲು ಎರಡು ಕೈಯಿಂದಲೇ ಲಿವರ್ ಹಿಡಿದರು. ಬಕೆಟ್ಟು ದಡಕ್ಕನೆ ಮೇಲೆದ್ದಾಗ ಬೆಚ್ಚಿ ಎರಡೂ ಕೈ ಬಿಟ್ಟರು. ಮತ್ತೆ ಹಿಡಿದರು, ಈ ಸಲ ಒಂದು ಕೈ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಎರಡು ಬೆರಳು. ಉಳಿದ ಸಗಣಿಯನ್ನೆಲ್ಲ ಬಾಚಿ ಗುಂಡಿಗೆ ಹಾಕಿದರು, ಅಂಗಳದಲ್ಲಿ ಒಂದು ಗೆರೆ ಉಳಿಯಲಿಲ್ಲ. ಆಮೇಲೆ ಎಲ್ಲಕ್ಕಿಂತ ಭಾರದ ಉರುಳೆ ಎತ್ತಿಕೊಂಡು, ಅದೇ ತೊಟ್ಟಿಯ ಪಕ್ಕದಿಂದ ಅಂಗೈ ಅಗಲದ ಅಂತರದಲ್ಲಿ ಸಾಗಿ, ಅಟ್ಟದ ಮೇಲೆ ಮಗುವನ್ನು ಮಲಗಿಸುವಂತೆ ಇಟ್ಟರು. ಟ್ಯಾಂಕು ಮುಟ್ಟಿ ನೋಡಿದೆ, ಕೈ ಇಡೋಕಾಗದಷ್ಟು ಕಾದಿತ್ತು. ಪಂಪು ಗುನುಗುತ್ತಿತ್ತು ಅಷ್ಟೆ. ಆ ಮನುಷ್ಯನಿಗೆ ಏನೂ ಆಗಿರಲಿಲ್ಲ. ಕೈಗೂ ಇಲ್ಲ, ತಲೆಗೂ ಇಲ್ಲ.

ಅಕ್ಕ ಕಣ್ಣೊರೆಸಿಕೊಂಡು ಫೋನ್ ತೆಗೆದಳು. "ಆ ಡ್ರೈವರ್‌ಗೆ ಬರಬೇಡ ಅಂತ ಹೇಳ್ತೀನಿ," ಅಂದು ನಂಬರ್ ಒತ್ತಿದಳು. ಅಷ್ಟರಲ್ಲಿ ಭಾವ ಇಳಿದು ಬಂದು, ಅವಳ ಕೈಯಿಂದ ಫೋನ್ ತೆಗೆದುಕೊಂಡರು.

"ಏನಿಲ್ಲಪ್ಪ, ನಾಳೆ ಏಳಕ್ಕೆ ಬಂದ್ಬಿಡು," ಅಂದು ಫೋನ್ ಇಟ್ಟರು.

"ಯಾಕ್ರೀ? ಎಲ್ಲ ಸರಿಹೋಯ್ತಲ್ಲ!"

"ಗಾಡಿ ಸರಿಹೋಯ್ತು." ಭಾವನಿಗೆ ಕೋಪವಿರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. ಸುಸ್ತಾದವರ ದನಿ ಅದು. "ನಾಳೆ ಅವನು ಕೂತು, ಲೋಡರ್ ನಿಧಾನ ಇದೆ ಅಂದ್ರೆ ನೀವಿಬ್ರೂ ಗಾಡಿ ನೋಡ್ತೀರಿ. ನಾನು ಅಂದ್ರೆ ನನ್ನ ಕೈ ನೋಡ್ತೀರಿ. ನೀವು ಯಾಕೆ, ನಾನೇ ನನ್ನ ಕೈ ನೋಡ್ಕೋತಿದ್ದೆ. ರಾತ್ರಿಯೆಲ್ಲ ಮಲಗಿ, ಇದು ಯಾವಾಗ ಸೋತಿತು ಅಂತ ಯೋಚ್ನೆ ಮಾಡ್ತಿದ್ದೆ. ಎಂಟು ತಿಂಗಳು ತಗೊಂಡು, ಮುದುಕ ಆದೆ ಅಂತ ಒಪ್ಕೊಂಡಿದ್ದೀನಿ ಕಣೇ. ಒಂದು ಪೈಪು ಬದಲಾಯಿಸಿದ ತಕ್ಷಣ ಅದನ್ನ ವಾಪಸ್ ತಗೋ ಅಂದ್ರೆ ಹೇಗೆ ತಗೊಳ್ಳಲಿ?"

ಮಾತು ಆಡಿದರೆ ಹೋಯಿತು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಕ್ಷಮಿಸಿ ಅಂದೆ. ಅವರು ತಲೆಯಾಡಿಸಿದರು. ನನ್ನ ಬೆನ್ನು ಮುರಿದಿತ್ತು, ಹೊತ್ತು ಇಳಿಯುತ್ತಿತ್ತು. ಸ್ಪ್ಯಾನರು ಎತ್ತಿಕೊಂಡು ಹೋಗಿಬಿಡಬಹುದಿತ್ತು. ನಾನು ಮಾಡಬಲ್ಲ ರಿಪೇರಿ ಮುಗಿದಿತ್ತು.

ಹೋಗಲು ಕಾಲು ಬರಲಿಲ್ಲ. ಟೈರಿಗೆ ಒರಗಿ ನಿಂತು ಕೇಳಿದೆ. "ಭಾವ, ಗಾಡೀಲಿ ಇನ್ನೇನಾದ್ರೂ ಇದೆಯಾ?"

ಅವರು ಬಾನೆಟ್ಟಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು. "ಎರಡನೇ ಗೇರಿನಲ್ಲಿ ಒಂದು ಸದ್ದಿದೆ," ಅಂದರು ಕೊನೆಗೆ. "ತಿರುಗಿಸೋವಾಗ ಮಾತ್ರ. ಮೂರು ತಿಂಗಳಾಯ್ತು."

ಯಾಕೆ ಹೇಳಲಿಲ್ಲ ಅಂತ ನಾನು ಕೇಳಲಿಲ್ಲ, ಅಕ್ಕನೂ ಕೇಳಲಿಲ್ಲ.

"ಓಡಿಸಿ ತೋರಿಸಿ. ನಾನು ಪಕ್ಕದಲ್ಲೇ ನಡ್ಕೊಂಡು ಬರ್ತೀನಿ."

ಭಾವ ಒಂದು ಕ್ಷಣ ನನ್ನ ಮುಖ ನೋಡಿ, ಹತ್ತಿ ಕೂತು ಎರಡನೇ ಗೇರು ಹಾಕಿದರು. ಅಂಗಳದಲ್ಲಿ ನಿಧಾನವಾಗಿ ಸುತ್ತು ಹೊಡೆಯತೊಡಗಿದರು. ನಾನು ಗೇರ್ ಬಾಕ್ಸಿನ ಕಡೆಗೆ ಕಿವಿ ಬಗ್ಗಿಸಿಕೊಂಡು, ನೋಯುವ ಮಂಡಿಯಲ್ಲಿ ಕುಂಟುತ್ತಾ ಪಕ್ಕದಲ್ಲೇ ನಡೆದೆ. ಒಂದು ಸುತ್ತಾಯಿತು. ಎರಡಾಯಿತು. ಇಂಜಿನ್ನಿನ ಸದ್ದು, ಟೈರಿನ ಸದ್ದು, ಕೊಟ್ಟಿಗೆಯಲ್ಲಿ ಹಸುವೊಂದು ಕೆಮ್ಮಿದ ಸದ್ದು. ಬೇರೆ ಏನೂ ಇರಲಿಲ್ಲ.

"ಕೇಳಿಸ್ತಾ?" ಅಂದರು ಭಾವ ಮೇಲಿನಿಂದ.

ಇಲ್ಲ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಇನ್ನೊಂದು ಸುತ್ತು ಹೋಗೋಣ ಭಾವ," ಅಂದೆ.